ಬಲಗಡೆಯ ಹೂ

ಹೊಸಬಾಳೆಯ ಲೋಕಪ್ಪ ಒಂದು ಟಗರು ಮಾರಬೇಕಾದರೂ ಊರ ದೇವರು ಬೀರಪ್ಪನನ್ನು ಕೇಳದೆ ಮಾರಿದವನಲ್ಲ. ಬಾವಿ ತೋಡಿಸಿದ್ದು ಕೇಳಿ, ಕುರಿ ರೊಪ್ಪದ ಬಾಗಿಲನ್ನು ಮೂಡಣಕ್ಕೆ ತಿರುಗಿಸಿದ್ದು ಕೇಳಿ, ಕಡೆಗೆ ಮೊಬೈಲ್ ತಗೊಂಡಿದ್ದೂ ಕೇಳಿಯೇ. "ನನ್ನೊಬ್ಬಳನ್ನ ಮಾತ್ರ ಕೇಳದೆ ಕಟ್ಕಂಡ್ರು, ಅದಕ್ಕೇ ಹಿಂಗಾಗೈತೆ" ಅಂತ ಹೆಂಡತಿ ಹುಲಿಯಮ್ಮ ನೆರೆಮನೆಯವರ ಮುಂದೆ ನಗಾಡುತ್ತಿದ್ದಳು. ಇಂಥ ಅಪ್ಪ ತನ್ನ ಕಾಲೇಜಿನ ವಿಷಯ ಒಂದನ್ನು ಮಾತ್ರ ಮನೆಯಲ್ಲೇ ಕೂತು ತೀರ್ಮಾನ ಮಾಡಿಬಿಡುತ್ತಾನೆ ಅಂತ ಮಗಳು ಸಂಗೀತ ನಂಬಿದ್ದಳಲ್ಲ, ಅದಕ್ಕೇನು ಹೇಳೋಣ!

ಶಿಕಾರಿಪುರದ ಒಂದು ನರ್ಸಿಂಗ್ ಕಾಲೇಜಿನಲ್ಲಿ ಅವಳಿಗೆ ಸೀಟು ಸಿಕ್ಕಿತ್ತು. ಆ ಕೇರಿಯಲ್ಲಿ ಪಿಯುಸಿ ದಾಟಿದ ಮೊದಲ ಹುಡುಗಿ ಅವಳು. ಕಾಲೇಜಿನ ಹತ್ತಿರವೇ ಹೆಣ್ಣುಮಕ್ಕಳ ಸರ್ಕಾರಿ ಹಾಸ್ಟೆಲ್ ಇತ್ತು, ಊಟ ವಸತಿ ಎಲ್ಲ ಸರ್ಕಾರದ್ದೇ. ಚಂದ್ರಗುತ್ತಿಯ ಸುಷ್ಮಿತಾ ಅನ್ನುವ ಹುಡುಗಿ ಅಡ್ಮಿಷನ್ನಿಗೆ ಬಂದಾಗ ಪರಿಚಯವಾಗಿದ್ದಳು, ಅವಳು ಆಗಲೇ ಹಾಸ್ಟೆಲ್ಲಿಗೆ ಹೆಸರು ಕೊಟ್ಟಾಗಿತ್ತು. "ನನ್ನ ಪಕ್ಕದ ಮಂಚ ಖಾಲಿ ಐತೆ ಕಣೇ, ಬೇಗ ಬಾ" ಅಂತ ದಿನಾ ಫೋನು. ತಿಂಗಳು ಮುಗಿಯುವುದರೊಳಗೆ ಅಪ್ಪನೋ ಅವ್ವನೋ ಹೋಗಿ ಒಪ್ಪಿಗೆ ಕೊಟ್ಟು ಬರಬೇಕಿತ್ತು, ಇಲ್ಲದಿದ್ದರೆ ಆ ಮಂಚ ಬೇರೆಯವರಿಗೆ.

"ಹಾಸ್ಟೆಲ್ ಯಾಕೆ ಬೇಕು?" ಅಂದಳು ಹುಲಿಯಮ್ಮ. "ಹೆಣ್ಮಕ್ಳಿಗೆ ಬಸ್ಸು ಪುಕ್ಸಟ್ಟೆ ಮಾಡ್ಯಾರೆ. ಬೆಳಿಗ್ಗೆ ಹೋಗು, ಸಂಜೆ ಬಾ. ಊರೋರ ಬಾಯಿಗೆ ಯಾಕೆ ಬೀಳ್ತಿ?"

ಊರವರ ಬಾಯಿ ಅನ್ನೋದು ನೆಪ. ನಿಜವಾದ ಮಾತು ರೊಪ್ಪದಲ್ಲಿತ್ತು. ಸಂಜೆ ಹಿಂಡು ಮೇದು ಬಂದಾಗ ಮನೆಯಲ್ಲಿ ಉಳಿದಿದ್ದ ಮರಿಗಳನ್ನೆಲ್ಲ ಅವುಗಳ ತಾಯಂದಿರಿಗೆ ಕೂಡಿಸಬೇಕು. ಇದು ಹೆಂಗಸರ ಕೆಲಸ. ಕೆಲವು ಕುರಿ ತಮ್ಮ ಮರಿಯನ್ನೇ ಒಲ್ಲೆ ಅನ್ನುತ್ತವೆ, ಮೂಸಿ ಒದೆಯುತ್ತವೆ. ಅಂಥದ್ದರ ಕಾಲು ಹಿಡಿದು, ಕಿವಿ ತುರಿಸಿ, ಪುಸಲಾಯಿಸಿ ಕೆಚ್ಚಲಿಗೆ ಮರಿ ಹಚ್ಚೋದು ಸಂಗೀತಳಿಗೆ ಚಿಕ್ಕಂದಿನಿಂದ ಕೈಗೆ ಬಂದಿತ್ತು. ಹುಲಿಯಮ್ಮನಿಗೆ ಮಂಡಿನೋವು, ಕೂತರೆ ಏಳಲಾರಳು. ಮಗಳಿಲ್ಲದ ಸಂಜೆಯನ್ನು ನೆನೆಸಿಕೊಂಡೇ ಅವಳಿಗೆ ಜೀವ ಹಾರುತ್ತಿತ್ತು. ಪಾಪ, ಅದನ್ನು ಬಾಯಿಬಿಟ್ಟು ಹೇಳಲಿಕ್ಕೆ ನಾಚಿಕೆ.

ಸಂಗೀತಳಿಗೂ ಅದು ಗೊತ್ತಿತ್ತು. ಆದರೆ ಹೊಸಬಾಳೆಯಿಂದ ಸೊರಬ, ಸೊರಬದಿಂದ ಶಿರಾಳಕೊಪ್ಪದ ಮೇಲೆ ಹಾದು ಶಿಕಾರಿಪುರ, ಮತ್ತೆ ಅಷ್ಟೇ ದಾರಿ ವಾಪಸ್, ಅದರ ಮೇಲೆ ಆಸ್ಪತ್ರೆ ಡ್ಯೂಟಿ. ದಿನಾ ಹೀಗೆ ಓಡಾಡಿ ಓದಿದರೆ ಉದ್ಧಾರ ಆಗಲ್ಲ ಅಂತ ಅವಳ ಮನಸ್ಸು ಹೇಳುತ್ತಿತ್ತು. ಲೋಕಪ್ಪ ಇಬ್ಬರ ಮಾತನ್ನೂ ಕೇಳಿದ, ಬೀಡಿ ಹಚ್ಚಿದ, ಆರಿಸಿದ. "ಸೋಮವಾರ ಗುಡಿಗೆ ಹೋಗಾನ. ಅವನನ್ನೇ ಕೇಳಾನ" ಅಂದ.

ಬೀರಪ್ಪನ ಗುಡಿಯಲ್ಲಿ ಪ್ರಸಾದ ಕೇಳುವ ಕ್ರಮ ಹೀಗೆ. ಪೂಜಾರಿ ಸೇವಂತಿಗೆ ಎಸಳುಗಳನ್ನು ನೀರಲ್ಲಿ ಅದ್ದಿ ಕಲ್ಲಿನ ಮೂರ್ತಿಯ ಎರಡೂ ಭುಜಕ್ಕೆ ಅಂಟಿಸುತ್ತಾನೆ. ಕೇಳುವವನು ಕಣ್ಣು ಮುಚ್ಚಿ, ಇಂಥದಾದರೆ ಬಲಗಡೆ ಕೊಡು, ಇಂಥದಾದರೆ ಎಡಗಡೆ ಕೊಡು ಅಂತ ಮನಸ್ಸಿನಲ್ಲೇ ಕೇಳಿಕೊಳ್ಳುತ್ತಾನೆ. ಯಾವ ಕಡೆಯ ಎಸಳು ಮೊದಲು ಉದುರುತ್ತದೋ ಅದು ದೇವರ ಮಾತು. ಬಾಯಿಬಿಟ್ಟು ಕೇಳುವ ಹಾಗಿಲ್ಲ. ಹೂ ಬೀಳುವ ಮುಂಚೆ ಏನು ಕೇಳುತ್ತಿದ್ದೇನೆ ಅಂತ ಕಟ್ಟಿಕೊಂಡ ಹೆಂಡತಿಗೂ ಹೇಳುವ ಹಾಗಿಲ್ಲ. ಹೇಳಿದರೆ ಅದು ಸಂತೆ ವ್ಯಾಪಾರ ಆಗುತ್ತದಂತೆ. ಒಮ್ಮೆ ಕೇಳಿದ್ದನ್ನು ಮತ್ತೆ ಕೇಳುವ ಹಾಗೂ ಇಲ್ಲ. ಆದರೆ ಆ ಊರಿನ ಚಿಕ್ಕ ಮಗುವಿಗೂ ಗೊತ್ತು, ಬಲ ಅಂದರೆ ಆಗಲಿ, ಎಡ ಅಂದರೆ ಬೇಡ. ಎಲ್ಲರೂ ತಮಗೆ ಬೇಕಾದ್ದನ್ನು ಬಲಕ್ಕಿಟ್ಟೇ ಕೇಳುತ್ತಾರೆ.

ಪೂಜಾರಿ ಮಂಜಪ್ಪ ಬೇರೆ ಯಾರೂ ಅಲ್ಲ, ಹುಲಿಯಮ್ಮನ ಬೆನ್ನಿಗೆ ಬಿದ್ದ ತಮ್ಮ, ಸಂಗೀತಳ ಸೋದರಮಾವ. ಅವಳನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನು. ಭಾನುವಾರ ಮಧ್ಯಾಹ್ನ ಅವನು ಗುಡಿಯ ಹಿಂದೆ ಕಂಬಳಿ ಹಾಸಿ ಅಡ್ಡಾಗಿದ್ದಾಗ ಸಂಗೀತ ಹೋಗಿ ಪಕ್ಕದಲ್ಲಿ ಕೂತಳು.

"ಮಾವ, ನಾಳೆ ಅಪ್ಪ ಪ್ರಸಾದ ಕೇಳಕ್ಕೆ ಬರ್ತಾರೆ. ನಂಗೆ ಬಲಗಡೆ ಬೇಕು."

"ಬೇಡ್ಕೋ ಮತ್ತೆ. ಕೊಟ್ರೆ ಕೊಡ್ತಾನೆ."

"ಬೇಡ್ಕಳಕ್ಕೆ ಬಂದಿಲ್ಲ ಮಾವ. ನಿಮ್ಮತ್ರ ಬಂದೀನಿ."

ಮಂಜಪ್ಪ ಎದ್ದು ಕೂತ. "ಥೂ! ಏನ್ ಮಾತಾಡ್ತೀಯೆ ಹುಡುಗಿ? ದೇವರ ಜೊತೆ ಆಟಾನಾ? ನಾಲಿಗೆ ಬಿದ್ದು ಹೋಗುತ್ತೆ ನೋಡು."

ಸಂಗೀತ ಅತ್ತಳು. ಸೆರಗಿನಂಚಲ್ಲಿ ಮುಖ ಮುಚ್ಚಿಕೊಂಡು ಬಿಕ್ಕೋ ಅಳು ಅಲ್ಲ, ಕಣ್ಣು ಬಿಟ್ಟುಕೊಂಡೇ ಮಾವನ ಮುಖ ನೋಡುತ್ತ ಅತ್ತಳು. ಅದನ್ನು ತಡೆಯಲಿಕ್ಕೆ ಮಂಜಪ್ಪನೇನು ಕಲ್ಲೇ? ಸ್ವಲ್ಪ ಹೊತ್ತು ತಲೆ ಕೆರೆದುಕೊಂಡ, ಅತ್ತ ಇತ್ತ ನೋಡಿದ, ಆಮೇಲೆ ಹೂ ಬೀಳುವ ಮರ್ಮವನ್ನು ತಾನೇ ಬಾಯಿಬಿಟ್ಟ. ಎಡಭುಜಕ್ಕೆ ನೀರಿನ ಬದಲು ಗಂಧ ಸವರಿ ಎಸಳು ಹಚ್ಚಿದರೆ ಅದು ಸಂಜೆಯಾದರೂ ಬೀಳಲ್ಲ. ದೀಪವನ್ನು ಬಲಕ್ಕೆ ಒಂದು ಗೇಣು ಸರಿಸಿದರೆ ಆ ಕಾವಿಗೆ ಬಲದ ಎಸಳು ಒಣಗಿ ತಾನೇ ಉದುರುತ್ತದೆ.

"ಬಲಗಡೆ ತಾನೆ?"

"ಬಲಗಡೆನೇ ಮಾವ."

"ಯಾರಿಗೂ ಉಸಿರು ಬಿಡಬ್ಯಾಡ. ಅವ್ವಂಗೂ."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತ ಗಾದೆ ಐತಲ್ಲ, ಇಲ್ಲಿ ನೋಡಿ, ಪೂಜಾರಿ ಕೈತುಂಬ ಕೊಟ್ಟ. ಗಾದೆ ಕಟ್ಟಿದವನಿಗೆ ಇದು ಹೊಳೆದಿರಲಿಕ್ಕಿಲ್ಲ.

ಸೋಮವಾರ ಗುಡಿಯಲ್ಲಿ ಇದ್ದವರು ನಾಲ್ಕೇ ಜನ. ಮಂಜಪ್ಪ ಎಸಳು ಹಚ್ಚಿ, ಬತ್ತಿ ಸರಿ ಮಾಡುವ ನೆಪದಲ್ಲಿ ದೀಪ ಸರಿಸಿ, ಗಂಟೆ ಹಿಡಿದು ನಿಂತ. ಹುಲಿಯಮ್ಮ ಸೆರಗು ಹೊದ್ದು ಕಂಬಕ್ಕೆ ಒರಗಿದ್ದಳು. ಲೋಕಪ್ಪ ಪೇಟ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಕಣ್ಣು ಮುಚ್ಚಿದ. ಅವನ ತುಟಿ ಅಲ್ಲಾಡುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಬಹಳ ಹೊತ್ತು ಕೇಳಿಕೊಂಡ. ಒಂದು ಟಗರಿಗೆ ಅಷ್ಟು ಹೊತ್ತು ಕೇಳಿದವನಲ್ಲ.

ಪಟ್ಟಂತ ಬಲಗಡೆಯ ಎಸಳು ಜಾರಿ ದೇವರ ಪಾದಕ್ಕೆ ಬಿತ್ತು. ಎಡಗಡೆಯವು ಅಲ್ಲಾಡಲಿಲ್ಲ.

"ಬಲಗಡೆ ಕೊಟ್ಟ! ಬಲಗಡೆ ಕೊಟ್ಟ ಭಾವ!" ಅಂತ ಮಂಜಪ್ಪ ಗಂಟೆ ಬಾರಿಸಿದ. ಸಂಗೀತಳ ಎದೆ ಹಗುರವಾಗಿ, ಸುಷ್ಮಿತಾಳ ಪಕ್ಕದ ಮಂಚ, ಕಿಟಕಿ, ಬಿಳಿ ಕೋಟು ಎಲ್ಲ ಕಣ್ಣ ಮುಂದೆ ಬಂದವು. ಲೋಕಪ್ಪ ಕಣ್ಣು ಬಿಟ್ಟು ಬಿದ್ದ ಎಸಳನ್ನೇ ನೋಡಿದ. ಅವನ ಮುಖ ಬಾಡಿತ್ತು. ಮಗಳು ಮನೆ ಬಿಟ್ಟು ಹೋಗುತ್ತಾಳಲ್ಲ ಅಂತ ಸಂಕಟ ಇರಬೇಕು ಅಂದುಕೊಂಡಳು ಸಂಗೀತ. ಅಪ್ಪನ ಮೇಲೆ ಅಕ್ಕರೆ ಉಕ್ಕಿತು.

ಹೊರಗೆ ಬಂದು ಚಪ್ಪಲಿ ಮೆಟ್ಟುತ್ತ ಅವನು ಹೇಳಿದ: "ಆತು ಬಿಡು ಮಗಾ. ದಿನಾ ಬಸ್ಸಲ್ಲೇ ಓಡಾಡು."

"ಏನಂದ್ರಿ?"

"ಮನೆಯಿಂದ್ಲೇ ಹೋಗಿ ಬರೋದು ಒಳ್ಳೇದಾದ್ರೆ ಬಲಗಡೆ ಕೊಡು, ಹಾಸ್ಟೆಲ್ ಆದ್ರೆ ಎಡಗಡೆ ಕೊಡು ಅಂತ ಕೇಳಿದ್ದೆ. ಬಲ ಕೊಟ್ಟ. ಇನ್ನೇನೈತೆ?"

ಒಳಗೆ ಮಂಜಪ್ಪನ ಕೈಯಿಂದ ಮಂಗಳಾರತಿ ತಟ್ಟೆ ಕಳಚಿ ಬಿತ್ತು. ಓಡಿ ಬಂದು, "ಭಾವ, ಹೂ ಸ್ವಲ್ಪ ಅವಸರ ಬಿತ್ತು ಅನ್ಸುತ್ತೆ, ಇನ್ನೊಂದ್ಸಲ ಕೇಳಾನ" ಅಂದ.

"ಕೇಳಿದ್ದನ್ನೇ ಕೇಳಿದ್ರೆ ದೇವರು ಮುನೀತಾನೆ ಅಂತ ಹೇಳಿಕೊಟ್ಟೋನು ನೀನೇ ಅಲ್ಲೇನೋ ಮಂಜ?"

ಮಂಜಪ್ಪ ಬಿದ್ದ ತಟ್ಟೆ ಎತ್ತಲು ಒಳಗೆ ಹೋದ. ಸಂಗೀತ ಅಲ್ಲೇ ಗುಡಿಯ ಕಟ್ಟೆಯ ಮೇಲೆ ಕೂತಳು. ಹುಲಿಯಮ್ಮ ಮಾತ್ರ ನಿಟ್ಟುಸಿರು ಬಿಟ್ಟು ದೇವರಿಗೆ ಇನ್ನೊಮ್ಮೆ ಕೈ ಮುಗಿದಳು.

ಹೇಳಿಬಿಡಬಹುದಿತ್ತಲ್ಲ ಅಂತೀರಿ. ಹೇಳಿ ನೋಡೋಣ! ಗುರುಮಲ್ಲಪ್ಪ, ಹನುಮಂತಪ್ಪ ಅನ್ನುವ ಅಣ್ಣತಮ್ಮಂದಿರು ಹೊಲದ ಬದುವಿಗೆ ಕುಡುಗೋಲು ಹಿಡಿದಿದ್ದವರು ಕೆಳಗಿಟ್ಟದ್ದು ಅದೇ ಗುಡಿಯ ಹೂ ನೋಡಿ. ಎಷ್ಟು ಮನೆಯ ಸಂಬಂಧ ಕೂಡಿದ್ದು, ಮುರಿದದ್ದು ಅದೇ ಹೂವಿನ ಮೇಲೆ. ಪೂಜಾರಿ ದೀಪ ಸರಿಸುತ್ತಾನೆ ಅಂತ ಒಂದು ಮಾತು ಹೊರಬಿದ್ದರೆ ಮಂಜಪ್ಪನ ಪೂಜೆ ಹೋಗುವುದು ಹಾಗಿರಲಿ, ಅವನು ಊರಲ್ಲಿ ಉಳಿಯುವುದೇ ಕಷ್ಟ. "ಭಾವಂಗೆ ನಾನೇ ಹೇಳ್ತೀನಿ, ನೀನು ಸುಮ್ನಿರು" ಅಂದಿದ್ದ ಅವನು. ದೀಪಾವಳಿ ಮುಗೀಲಿ ಅಂದ. ಬೀರಪ್ಪನ ಹಬ್ಬ ಮುಗೀಲಿ ಅಂದ. ಆಮೇಲಾಮೇಲೆ ಅಕ್ಕನ ಮಗಳನ್ನು ಕಂಡರೆ ಬೇರೆ ಓಣಿ ಹಿಡಿಯುತ್ತಿದ್ದ. ಹೇಳ್ತೀನಿ ಹೇಳ್ತೀನಿ ಅನ್ನೋರು ಯಾವತ್ತು ಹೇಳಿದ್ದಾರೆ?

ಪ್ರಸಾದ ಕೇಳಿದ ವಾರವೇ ಲೋಕಪ್ಪ ಆನವಟ್ಟಿ ಕಡೆಯಿಂದ ಬರುವಾಗ ಹೊಸ ತಗಡಿನ ಟ್ರಂಕೊಂದನ್ನು ಹೊತ್ತು ತಂದ. ನೀಲಿ ಬಣ್ಣದ್ದು, ಬೀಗ ಹಾಕುವಂಥದ್ದು. "ಇದ್ಯಾಕ್ರೀ?" ಅಂದಳು ಹುಲಿಯಮ್ಮ. "ಮೊದ್ಲೇ ಹೇಳಿಟ್ಟಿದ್ದೆ, ಬ್ಯಾಡ ಅನ್ನಕ್ಕಾಗ್ಲಿಲ್ಲ. ಕಂಬಳಿ ಇಡಾನ, ಇಲಿ ಕಡೀತವೆ" ಅಂದ. ಕಂಬಳಿ ಅದರೊಳಗೆ ಹೋದವು. ಸಂಗೀತಳಿಗೆ ಆಗ ಅದರ ಮೇಲೆ ಗಮನವೂ ಇರಲಿಲ್ಲ.

ಮೊದಮೊದಲು ನಡೆಯಿತು ಅನ್ನಿ. ಬರೀ ಕ್ಲಾಸು. ಕತ್ತಲಿರುವಾಗ ಎದ್ದು, ಬುತ್ತಿ ಕಟ್ಟಿಕೊಂಡು, ಸೊರಬಕ್ಕೆ ಬಂದು ಶಿಕಾರಿಪುರದ ಬಸ್ಸು ಹತ್ತುತ್ತಿದ್ದಳು. ಬಸ್ಸು ಪುಕ್ಕಟೆ ಅಂದಮೇಲೆ ಕೇಳಬೇಕೇ, ಕಾಲಿಡಲು ಜಾಗ ಇಲ್ಲ. ಕೆಲವು ಸಲ ಸ್ಟಾಪಿನಲ್ಲಿ ಹೆಂಗಸರ ಗುಂಪು ಕಂಡರೆ ಡ್ರೈವರ್ ನಿಲ್ಲಿಸದೆ ಹೊಡೆದುಕೊಂಡು ಹೋಗುತ್ತಿದ್ದ. ನಿಂತೇ ಹೋಗಿ, ನಿಂತೇ ಬಂದು, ಮುಸ್ಸಂಜೆ ರೊಪ್ಪಕ್ಕೆ ಬಂದರೆ ಮರಿಗಳು ಹಸಿದು ಒದರುತ್ತಿರುತ್ತಿದ್ದವು. ಅವ್ವ ಒಂದು ಕಲ್ಲಿನ ಮೇಲೆ ಕೂತು, "ಬಂದ್ಯಾ ನನ್ನವ್ವ" ಅನ್ನುತ್ತಿದ್ದಳು. ಆ ದನಿ ಕೇಳಿದರೆ ಸಂಗೀತಳಿಗೆ ಸಿಟ್ಟೂ ಬರುತ್ತಿರಲಿಲ್ಲ.

ಆಮೇಲೆ ಆಸ್ಪತ್ರೆ ಡ್ಯೂಟಿ ಶುರುವಾಯಿತು. ಮಿಕ್ಕ ಹುಡುಗಿಯರು ಹಾಸ್ಟೆಲ್ಲಿನಿಂದ ಎದ್ದು ನಡೆದೇ ವಾರ್ಡಿಗೆ ಹೋಗುತ್ತಿದ್ದರು. ಹೊಸಬಾಳೆಯಿಂದ ಮೊದಲ ಬಸ್ಸು ಹಿಡಿದು ಬಂದರೂ ಸಂಗೀತ ವಾರ್ಡಿನ ಬಾಗಿಲಿಗೆ ಬರುವಷ್ಟರಲ್ಲಿ ಹಾಜರಿ ಮುಗಿದಿರುತ್ತಿತ್ತು. ಹಾಜರಿ ಹಾಕುವ ಮೇಡಂ ಕೆಟ್ಟವರೇನಲ್ಲ. "ನೋಡಮ್ಮ, ಮುಂಚೆನೇ ಹೇಳಿದ್ದೆ, ಹತ್ರ ಇದ್ಕೊಂಡು ಓದು ಅಂತ. ಡ್ಯೂಟಿಗೆ ನಿಂತಿಲ್ಲದ ದಿನ ನಿಂತಿದ್ದೆ ಅಂತ ನಾನು ಹೆಂಗೆ ಬರೀಲಿ?" ಅಂದರು. ಅದಕ್ಕೆ, ದೇವರು ಬಸ್ಸಲ್ಲಿ ಓಡಾಡು ಅಂದಿದ್ದಾನೆ ಮೇಡಂ ಅನ್ನೋದಾ?

ಸುಷ್ಮಿತಾಳ ಪಕ್ಕದ ಮಂಚಕ್ಕೆ ಬೇರೆ ಹುಡುಗಿ ಬಂದಾಗಿತ್ತು. ಆದರೂ ನಡುವರ್ಷ ಯಾರೋ ಬಿಟ್ಟು ಹೋಗಿ ಒಂದು ಜಾಗ ತೆರವಾಯಿತು ಅಂತ ಅವಳೇ ಫೋನು ಮಾಡಿದಳು. ಸಂಗೀತ ಅಪ್ಪನ ಕಾಲು ಹಿಡಿದಳು. ಅವ್ವನೂ, "ಹೋಗ್ಲಿ ಬಿಡ್ರೀ, ಹುಡುಗಿ ಸೊರಗಿ ಕಡ್ಡಿ ಆಗ್ಯಾಳೆ. ನಾನು ಹೆಂಗೋ ಮಾಡ್ಕಂತೀನಿ" ಅಂದುಬಿಟ್ಟಳು. ಲೋಕಪ್ಪ "ನಾಳೆ ಶಿಕಾರಿಪುರಕ್ಕೆ ನಾನೂ ಬರ್ತೀನಿ" ಅಂದ. ಅವನ ಬಾಯಿಂದ ಆ ಮಾತು ಬಂದದ್ದೇ ಸಂಗೀತಳಿಗೆ ಹಬ್ಬವಾಯಿತು.

ಹಬ್ಬ ಸಂಜೆತನಕವೂ ಉಳಿಯಲಿಲ್ಲ. ಗಬ್ಬದ ಕುರಿಯೊಂದು ಹೊಟ್ಟೆ ಉಬ್ಬರಿಸಿ, ಔಷಧಿ ತರುವುದರೊಳಗೆ ಕಾಲು ಚಾಚಿತು. ಏನೋ ಹಸಿ ಮೇವು ಹೆಚ್ಚು ತಿಂದಿತ್ತು, ಅಷ್ಟೇ. ಕುರಿ ಸಾಯೋದು ಲೋಕಪ್ಪ ಕಾಣದ ಸಂಗತಿಯಲ್ಲ. ಆದರೆ ಅವತ್ತು ಅವನು ಕುರಿಯನ್ನು ಮುಟ್ಟದೆ ಹಿಂದೆ ಸರಿದ. "ನೋಡಿದ್ಯಾ? ಬಾಯಲ್ಲಿ ಅಂದಿದ್ದಕ್ಕೇ ಹಿಂಗೆ. ಮೀರಿ ಕಳ್ಸಿದ್ರೆ ನಿಂಗೇ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನಾನು ಏನ್ ಮಾಡ್ಲಿ ಮಗಾ? ಕುರಿ ಹೋದ್ರೆ ಹೋಗ್ಲಿ..." ಸತ್ತ ಕುರಿಯ ಆಚೆ ಕಡೆ ನಿಂತಿದ್ದ ಮಂಜಪ್ಪ ನೆಲ ನೋಡುತ್ತಿದ್ದ. ಈಗ ಹೇಳು ಮಾವ, ಈಗಲಾದರೂ ಹೇಳು ಅಂತ ಸಂಗೀತ ಅವನನ್ನೇ ದಿಟ್ಟಿಸಿದಳು. ಅವನು ಗುದ್ದಲಿ ತರುತ್ತೇನೆ ಅಂತ ಹೋದವನು ಎಷ್ಟು ಹೊತ್ತಾದರೂ ತಿರುಗಿ ಬರಲಿಲ್ಲ.

ಮತ್ತೆ ಬಸ್ಸು. ಬಸ್ಸಲ್ಲಿ ನಿಂತೇ ನಿದ್ದೆ ಮಾಡುವುದನ್ನು ಕಲಿತಳು. ಪುಸ್ತಕ ತೆರೆದರೆ ಅಕ್ಷರ ಮೇಲೆ ಕೆಳಗೆ ಆಗುತ್ತಿತ್ತು. ಒಂದು ಸಂಜೆ ಒಲ್ಲದ ಕುರಿಯ ಕಾಲು ಹಿಡಿದುಕೊಂಡೇ ರೊಪ್ಪದಲ್ಲಿ ನಿದ್ದೆಹೋದಳು, ಹುಲಿಯಮ್ಮ ಕುಂಟುತ್ತ ಬಂದು ಕಂಬಳಿ ಹೊದಿಸಿ ಪಕ್ಕದಲ್ಲೇ ಕೂತು ಅತ್ತಳು. ಆ ಅಳುವೂ ಸಂಗೀತಳಿಗೆ ಕೇಳಿಸಲಿಲ್ಲ, ಅಂಥ ನಿದ್ದೆ.

ಪರೀಕ್ಷೆಗೆ ಕೂರುವವರ ಹೆಸರು ಓದಿದ ದಿನ ಅವಳ ಹೆಸರು ಬರಲಿಲ್ಲ. ಹಾಜರಾತಿ ಸಾಲದು, ವರ್ಷ ಮೊದಲಿಂದ ಮಾಡಬೇಕು ಅಂದರು. ಮೊದಲಿಂದ ಅಂದರೆ ಅದೇ ಸೊರಬ, ಅದೇ ಶಿರಾಳಕೊಪ್ಪ, ಅದೇ ಬಸ್ಸು. ಆಗದ ಹೋಗದ ಮಾತು. ಸುಷ್ಮಿತಾ ಗೇಟಿನವರೆಗೂ ಕೈ ಹಿಡಿದುಕೊಂಡು ಬಂದಳು, ತನ್ನ ಬುತ್ತಿಯ ಚಪಾತಿಯನ್ನು ಕೊಟ್ಟಳು. ಆ ಮಧ್ಯಾಹ್ನ ಬಸ್ಸು ಖಾಲಿ ಇತ್ತು. ವರ್ಷವೆಲ್ಲ ಸಿಗದ ಕಿಟಕಿ ಸೀಟು ಅವತ್ತು ಸಿಕ್ಕಿತು.

ಕೊಯ್ಲಾದ ಗದ್ದೆಯಲ್ಲಿ ಲೋಕಪ್ಪ ಹಿಂಡು ಬಿಟ್ಟುಕೊಂಡು ಬದುವಿನ ಮೇಲೆ ಕೂತಿದ್ದ. ಸಂಗೀತ ಬಸ್ಸಿಳಿದು ಮನೆಗೆ ಹೋಗದೆ ಸೀದಾ ಅಲ್ಲಿಗೇ ಬಂದು ಹೇಳಿದಳು. ಅವನು ಕೂಗಾಡಲಿಲ್ಲ. ಕೈಯಲ್ಲಿದ್ದ ಕೋಲನ್ನು ನೆಲಕ್ಕಿಟ್ಟು, ಎರಡೂ ಕೈಯಿಂದ ಮುಖ ಒರೆಸಿಕೊಂಡ.

"ನಾನು ಎಡಕ್ಕೆ ಬೀಳ್ಲಿ ಅಂತಿದ್ದೆ ಮಗಾ" ಅಂದ.

ಸಂಗೀತಳಿಗೆ ಅರ್ಥವಾಗಲಿಲ್ಲ. "ಏನು?"

"ಅವತ್ತು ಗುಡೀಲಿ. ನೀನು ಹಾಸ್ಟೆಲ್ಲಲ್ಲೇ ಇದ್ದು ಓದ್ಬೇಕು ಅಂತ ನಂಗೆ ಆಸೆ ಇತ್ತು. ನಿಮ್ಮವ್ವನ ಮುಖ ನೋಡಿ ಬಾಯಿ ಬಿಡ್ಲಿಲ್ಲ. ನಂಗೆ ಬೇಕಾದ್ದನ್ನ ಬಲಕ್ಕಿಟ್ಟು ಕೇಳಿದ್ರೆ ಆಸೆಬುರುಕ ಅಂತಾನೆ ದೇವರು, ಎಡಕ್ಕಿಡಾನ, ನನ್ನ ಮನಸ್ಸು ಅವನಿಗೆ ಗೊತ್ತಿಲ್ವಾ, ಎಡಾನೇ ಕೊಡ್ತಾನೆ ಅಂದ್ಕಂಡೆ." ಮತ್ತೆ ಅಂದ: "ಟ್ರಂಕಿಗೂ ಹೇಳಿ ಬಂದಿದ್ದೆ. ಹಾಸ್ಟೆಲ್ಲಿಗೆ ಬೇಕಾಗುತ್ತಲ್ಲ ಅಂತ."

ಅಯ್ಯೋ ಶಿವನೇ. ಇಬ್ಬರೂ ಒಂದನ್ನೇ ಬೇಡಿದ್ದರು! ಮೂರ್ತಿಯನ್ನು ಅದರ ಪಾಡಿಗೆ ಬಿಟ್ಟಿದ್ದರೆ ಎಡದ ಎಸಳೇ ಬೀಳುತ್ತಿತ್ತೋ ಏನೋ. ಗಂಧ ಸವರಿಸಿ ಅದನ್ನು ಕಲ್ಲಿಗೆ ಕಚ್ಚಿಸಿ ನಿಲ್ಲಿಸಿದವಳು ತಾನೇ. ನೀಲಿ ಟ್ರಂಕು, ಅದರೊಳಗಿನ ಕಂಬಳಿ, ಅವತ್ತು ಬಾಡಿದ ಅಪ್ಪನ ಮುಖ ಎಲ್ಲ ಒಟ್ಟಿಗೆ ನೆನಪಾದವು. ಹೇಳಿಬಿಡಬೇಕು ಅಂತ ಬಾಯಿ ತೆರೆದಳು.

"ಅವನು ಕೊಡ್ಲಿಲ್ಲ" ಅಂದ ಲೋಕಪ್ಪ. "ಏನೋ ಕಾರಣ ಇರುತ್ತೆ. ಆ ಹಾಸ್ಟೆಲ್ಲಲ್ಲಿ ನಿಂಗೆ ಏನು ಕಾದಿತ್ತೋ ಏನೋ, ಅದನ್ನ ತಪ್ಸಿದ. ವರ್ಷ ಹೋದ್ರೆ ಹೋತು, ನೀನು ಉಳಿದ್ಯಲ್ಲ. ಹಂಗಂದ್ಕಂಡೇ ನಾನು ಬದುಕೀನಿ ಕಣವ್ವ. ಇಲ್ದಿದ್ರೆ ಈ ಪಾಪ ಹೊರಕ್ಕಾಗಲ್ಲ."

ಇದೊಂದನ್ನೂ ಅವನ ಕೈಯಿಂದ ಕಿತ್ತುಕೊಳ್ಳುವುದು ಹೇಗೆ? "ಹೌದಪ್ಪ" ಅಂದಳು. "ದೇವರೇ ಕೊಟ್ಟಿದ್ದು."

ಅವನಿಗೆ ಅಷ್ಟು ಸಾಕಾಯಿತು. ಎದ್ದು ಕೋಲು ಹಿಡಿದು, ಹಿಂಡಿಗೆ ಸಿಳ್ಳೆ ಹಾಕಿದ. ಊರಿನ ಕಡೆ ನಾಲ್ಕು ಹೆಜ್ಜೆ ಇಟ್ಟಮೇಲೆ, ತಿರುಗಿ ನೋಡದೆಯೇ ಹೇಳಿದ: "ಆನವಟ್ಟಿ ಕಡೆಯೋರು ನಿನ್ನ ಕೇಳಿ ಕಳ್ಸ್ಯಾರೆ. ಹುಡುಗಂದು ಕುರಿ ಐತೆ, ಹೊಲ ಐತೆ. ಓದು ಐತಲ್ಲ ಅಂತ ಇಷ್ಟು ದಿನ ನಾನೇ ತಡೆದಿದ್ದೆ. ಸೋಮವಾರ ಗುಡಿಗೆ ಹೋಗಾನ."

"ಹೂಂ."

"ಈ ಸಲ ಬೇಕಾದ್ದನ್ನ ಬಲಕ್ಕೇ ಇಟ್ಟು ಕೇಳ್ತೀನಿ."

ಸಂಗೀತ ನಿಂತಳು. "ನಿಮಗೆ ಯಾವುದು ಬೇಕಪ್ಪ?"

ಲೋಕಪ್ಪನೂ ನಿಂತ. ಮಗಳ ಮುಖವನ್ನು ಒಂದು ಸಲ ನೋಡಿ, ಹೇಳಿಯೇಬಿಡುವವನ ಹಾಗೆ ಹತ್ತಿರ ಬಂದ. ಆಮೇಲೆ ತಲೆ ಅಲ್ಲಾಡಿಸಿದ.

"ಹೂ ಬೀಳೋಕೆ ಮುಂಚೆ ಹೇಳಬಾರ್ದು ಕಣವ್ವ" ಅಂದ.

ದೂರದಲ್ಲಿ ರೊಪ್ಪದ ಮರಿಗಳು ತಾಯಂದಿರ ದನಿ ಕೇಳಿ ಒದರತೊಡಗಿದ್ದವು. ಸಂಗೀತ ಪುಸ್ತಕದ ಚೀಲವನ್ನು ಅಪ್ಪನ ಕೈಗೆ ಕೊಟ್ಟು, ಬಾಗಿಲು ತೆರೆಯಲು ಮುಂದೆ ನಡೆದಳು.